ಹನ್ನೊಂದು ಏಳರಿಂದ ಒಂದೇ ಪುಟ

ಫೆಬ್ರವರಿ 3, 2025. ಸೋಮವಾರ

ಬಸ್ಸು ತಪ್ಪಿತು. ವಿದ್ಯಾರಣ್ಯಪುರಂನಿಂದ ಹೂಟಗಳ್ಳಿಗೆ ಆಟೋ. ಒಂಬತ್ತಕ್ಕೆ ಎರಡು ನಿಮಿಷ ಇರುವಾಗ ಪಂಚ್. ಡಬ್ಬಿಯಲ್ಲಿ ಮತ್ತೆ ಚಿತ್ರಾನ್ನ. ಅಮ್ಮನಿಗೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾಳೆ. ಹೇಳದಿದ್ದರೆ ನಾಳೆಯೂ ಅದೇ.

ಹೊಸ ಟೂಲ್ ಬಂತು. ಟೀಮಿನ ಹದಿನೇಳು ಜನರ ಕಂಪ್ಯೂಟರಿಗೂ ಭಾನುವಾರವೇ ಹಾಕಿಬಿಟ್ಟಿದ್ದಾರೆ. ಯಾರನ್ನೂ ಕೇಳಲಿಲ್ಲ. ಕೀಬೋರ್ಡ್ ಎಷ್ಟು ಸಲ ಒತ್ತಿದೆವು, ಮೌಸ್ ಎಷ್ಟು ಓಡಾಡಿತು, ಸ್ಕ್ರೀನಿನಲ್ಲಿ ಏನು ತೆರೆದಿತ್ತು, ಎಲ್ಲ ಬರೆದುಕೊಳ್ಳುತ್ತದಂತೆ. ಹತ್ತು ನಿಮಿಷಕ್ಕೊಂದು ಸ್ಕ್ರೀನ್‌ಶಾಟ್. ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಚುಕ್ಕಿ. ಹಸಿರು, ಹಳದಿ, ಕೆಂಪು.

ಮ್ಯಾನೇಜರ್ ವಸಿಷ್ಠ ನನ್ನನ್ನು ಕರೆದರು. ಜೋರಾಗಿ ಮಾತಾಡುವ ಮನುಷ್ಯನಲ್ಲ. "ಸುಮಾ, ನೀವು ಟೀಮ್ ಲೀಡ್. ಡ್ಯಾಶ್‌ಬೋರ್ಡ್ ನಿಮ್ಮ ಹತ್ರ ಇರುತ್ತೆ. ಯಾರ್ದಾದ್ರೂ ಕೆಂಪು ಬಂದ್ರೆ ಕಾರಣ ಬರೀರಿ. ಅಷ್ಟೇ."

ಅಷ್ಟೇ.

ಫೆಬ್ರವರಿ 5. ಬುಧವಾರ

ನಮ್ಮದು ಓದುವ ಕೆಲಸ. ಆಸ್ಪತ್ರೆಯಿಂದ ಬಂದ ಕೇಸ್ ಫೈಲು ಓದಬೇಕು, ಕಾಯಿಲೆಗೂ ಆಪರೇಷನ್ನಿಗೂ ಸರಿಯಾದ ಕೋಡ್ ಹಾಕಬೇಕು, ವಿಮೆಯವರಿಗೆ ಕಳಿಸಬೇಕು. ಒಂದು ಅಂಕಿ ತಪ್ಪಿದರೆ ಯಾರದೋ ಹೃದಯದ ಕಾಯಿಲೆ ಹೊಟ್ಟೆನೋವಾಗುತ್ತದೆ. ಇದನ್ನು ಟೂಲಿಗೆ ಯಾರೂ ಹೇಳಿಲ್ಲ. ಓದುತ್ತಾ ಕೂತವರೆಲ್ಲ ಕೆಂಪು. ಸುಮ್ಮನೆ ಮೇಲೆ ಕೆಳಗೆ ಸ್ಕ್ರೋಲ್ ಮಾಡುವವರು ಹಸಿರು.

ವಸಿಷ್ಠರಿಗೆ ಹೇಳಿದೆ. ಕೇಳಿಸಿಕೊಂಡರು. ಬೆಂಗಳೂರಿನ ಹೆಡ್ ಆಫೀಸಿಗೆ ಬರೆಯುತ್ತಾರಂತೆ.

ಫೆಬ್ರವರಿ 14. ಶುಕ್ರವಾರ

ಬೇಡ ಅಂದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಸಿದ್ದು ದಿನಾ ಮೂರೂ ಹತ್ತಕ್ಕೆ ಹನ್ನೆರಡು ನಿಮಿಷ ಕಾಣೆ. ಮೆಟ್ಟಿಲ ಹತ್ತಿರ ನಿಂತು ಹೆಂಡತಿಗೆ ಫೋನ್ ಮಾಡುತ್ತಾನೆ, ಎಂಟನೇ ತಿಂಗಳು. ಇದೆಲ್ಲ ನನಗೆ ಗೊತ್ತಿರಬೇಕಾದ ವಿಷಯವೇ ಅಲ್ಲ. ಈಗ ಗೊತ್ತು.

ಊಟ ಮಾಡುವಾಗಲೂ ನನ್ನ ಎಡಗೈ ಮೌಸ್ ಮೇಲಿರುತ್ತದೆ. ನನ್ನ ಚುಕ್ಕಿಯನ್ನು ಯಾರು ನೋಡುತ್ತಾರೋ ಗೊತ್ತಿಲ್ಲ. ಯಾರೋ ನೋಡುತ್ತಾರೆ.

ಫೆಬ್ರವರಿ 28. ಶುಕ್ರವಾರ

ಚೆಲುವಯ್ಯನವರನ್ನು ಕಳಿಸಿಬಿಟ್ಟರು. ಐವತ್ತೊಂದು ವರ್ಷ. ಕೋಡಿನಲ್ಲಿ ಅವರದ್ದೊಂದು ತಪ್ಪು ಹುಡುಕುವುದು ಕಷ್ಟ. ಮೂರು ವಾರ ಕೆಂಪು. ಪ್ರತಿ ಕೆಂಪಿಗೂ ನಾನು "ಓದುತ್ತಿದ್ದಾರೆ" ಎಂದೇ ಬರೆದಿದ್ದೆ. ಯಾರೂ ಅದನ್ನು ತೆರೆದೂ ನೋಡಿಲ್ಲ.

ಹೋಗುವಾಗ ನನ್ನ ಟೇಬಲ್ಲಿಗೆ ಬಂದರು. "ಬರ್ತೀನಮ್ಮ" ಎಂದರು. ನಾನು ಸ್ಕ್ರೀನ್ ನೋಡುತ್ತಾ ಕೂತೆ. ತಲೆ ಎತ್ತುವಷ್ಟರಲ್ಲಿ ಲಿಫ್ಟ್ ಬಾಗಿಲು ಮುಚ್ಚಿತ್ತು.

ಅವರ ಹೆಸರು ಪಟ್ಟಿಯಲ್ಲಿ ಇನ್ನೂ ಇದೆ. ಚುಕ್ಕಿ ಬೂದಿ ಬಣ್ಣ.

ಮಾರ್ಚ್ 4. ಮಂಗಳವಾರ

ಪದ್ಮಕ್ಕ ಕೆಂಪು. ಎರಡನೇ ವಾರ.

ಈ ಕೆಲಸ ಕಲಿಸಿದ್ದೇ ಪದ್ಮಕ್ಕ. ಒಂಬತ್ತು ವರ್ಷದ ಹಿಂದೆ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು, ನನ್ನ ತಪ್ಪನ್ನೆಲ್ಲ ತಮ್ಮ ಹೆಸರಲ್ಲಿ ತಿದ್ದಿ ಕಳಿಸುತ್ತಿದ್ದರು. ಎರಡು ವರ್ಷದಿಂದ ಉದಯಗಿರಿಯ ಮನೆಯಿಂದಲೇ ಕೆಲಸ. ಅತ್ತೆ ಪುಟ್ಟಲಿಂಗಮ್ಮನವರು ಸೊಂಟದ ಮೂಳೆ ಮುರಿದು ಮಂಚ ಹಿಡಿದಿದ್ದಾರೆ. ಗಂಡ ಶಿವರಾಮು ಫ್ಯಾಕ್ಟರಿಗೆ, ಮಗಳು ಪ್ರೀತಿ ಕಾಲೇಜಿಗೆ. ಹಗಲಲ್ಲಿ ಅತ್ತೆಯ ಮಗ್ಗುಲು ಬದಲಿಸುವುದು, ಬಟ್ಟೆ ಬದಲಿಸುವುದು, ಗಂಜಿ ಕುಡಿಸುವುದು, ಎಲ್ಲ ಇವರೊಬ್ಬರೇ. ಕಡಿಮೆಯಾದ ಗಂಟೆಯನ್ನು ಸಂಜೆ ಕೂತು ತುಂಬುತ್ತಾರೆ. ಸಂಜೆಯ ಕೆಲಸ ಟೂಲಿಗೆ ಲೆಕ್ಕವಿಲ್ಲ.

ಮಧ್ಯಾಹ್ನ ಹೊರಗೆ ಹೋಗಿ ಫೋನ್ ಮಾಡಿದೆ.

"ಏನ್ ಮಾಡ್ಲಿ ಹೇಳು ಸುಮಾ. ಅತ್ತೆ ಕರೆದಾಗ ಎದ್ದೋಗ್ದೆ ಇರಕ್ಕಾಗುತ್ತಾ?"

ಕಂಪನಿ ವ್ಯಾನಿನಲ್ಲಿ ಕೇಳಿದ್ದ ಉಪಾಯ ಹೇಳಿದೆ. ಒಂದು ಟೇಬಲ್ ಗಡಿಯಾರ ಅಂಗಾತ ಮಲಗಿಸಿ ಅದರ ಮೇಲೆ ಮೌಸ್ ಇಡುವುದು. ಸೆಕೆಂಡ್ ಮುಳ್ಳು ಕೆಳಗೆ ಹಾದುಹೋದಾಗಲೆಲ್ಲ ಮೌಸ್ ಅಲುಗಾಡಿದ ಹಾಗೆ. ಚುಕ್ಕಿ ಹಸಿರಾಗೇ ಇರುತ್ತದೆ.

"ಕಳ್ಳತನ ಅಲ್ವೇನೇ ಇದು?"

"ಅಕ್ಕ, ನೀವು ಫೈಲು ಓದ್ತಾ ಕೂತಿದ್ರೂ ಕೆಲ್ಸ ಮಾಡ್ತಿಲ್ಲ ಅಂತ ತೋರ್ಸುತ್ತಲ್ಲ. ಅದೇನು ಮತ್ತೆ?"

"ನಿಂಗೆ ತೊಂದ್ರೆ ಆದ್ರೆ?"

"ನೋಡೋಳು ನಾನೇ ಅಲ್ವಾ. ನಾನ್ ನೋಡ್ಕೋತೀನಿ ಬಿಡಿ."

ಮಾರ್ಚ್ 13. ಗುರುವಾರ

ಪದ್ಮಕ್ಕ 91%. ಹಸಿರು. ವಸಿಷ್ಠರು ಹೆಸರು ಹಿಡಿದು ಹೊಗಳಿದರು. "ನೋಡಿ, ಮನಸ್ಸು ಮಾಡಿದ್ರೆ ಆಗುತ್ತೆ."

ಹೊಸ ನಿಯಮವನ್ನೂ ತಂದರು. ಅರ್ಧ ಗಂಟೆಗೂ ಹೆಚ್ಚು ಹೊತ್ತು ಒಂದೇ ಪುಟ ಇದ್ದರೆ ಟೂಲ್ ನನ್ನನ್ನು ಕೇಳುತ್ತದೆ. ನಾನು ನೋಡಿ, ಕಾರಣ ಬರೆದು, ಒತ್ತಬೇಕು. ಒತ್ತಿದ ಮೇಲೆ ಅದರ ಕೆಳಗೆ ನನ್ನ ಹೆಸರು, ಹೊತ್ತು.

ಪದ್ಮಕ್ಕನ ಹೆಸರಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಬರುತ್ತದೆ. "ಪರಿಶೀಲಿಸಿದೆ, ಓದುತ್ತಿದ್ದಾರೆ." ಒತ್ತುತ್ತೇನೆ. ಈಗ ಯೋಚಿಸುವುದೂ ಇಲ್ಲ. ಬೆರಳಿಗೆ ರೂಢಿಯಾಗಿದೆ.

ಏಪ್ರಿಲ್ 2. ಬುಧವಾರ

ಯುಗಾದಿ ಒಬ್ಬಟ್ಟು ತಗೊಂಡು ಪದ್ಮಕ್ಕನ ಮನೆಗೆ ಹೋಗಿದ್ದೆ. ಸಂಜೆ ಆರಕ್ಕೂ ಬಿಸಿಲ ಧಗೆ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಪಟ. ಅದರ ಕೆಳಗೆ ಪುಟ್ಟ ಮೇಜು, ಲ್ಯಾಪ್‌ಟಾಪು. ಒಳಕೋಣೆಯಲ್ಲಿ ಪುಟ್ಟಲಿಂಗಮ್ಮ. ಮಂಚದಿಂದ ಮೇಜು ಕಾಣುವುದಿಲ್ಲ, ಶಬ್ದ ಕೇಳಿಸುತ್ತದೆ.

ಪದ್ಮಕ್ಕ ಸೊರಗಿದ್ದಾರೆ. ತಲೆನೋವಂತೆ. ಬಿಪಿ ಮಾತ್ರೆ ತೀರಿ ವಾರವಾಯಿತಂತೆ. ತರಲು ಹೋಗಬೇಕು, ಹೋಗಲಾಗಿಲ್ಲ. ಬಲಗೈ ಆಗಾಗ ಜೋಮು ಹಿಡಿಯುತ್ತದಂತೆ.

"ಮೌಸ್ ಹಿಡ್ದೂ ಹಿಡ್ದೂ ಅಂಗಾಗಿರ್ಬೇಕು ಕಣೇ."

"ಎರಡ್ ದಿನ ರಜ ಹಾಕಿ ಅಕ್ಕ. ಡಾಕ್ಟ್ರಿಗೆ ತೋರ್ಸಿ."

"ರಜ ಹಾಕಿದ್ರೆ ವಾರದ ಸರಾಸರಿ ಬಿದ್ದೋಗುತ್ತೆ. ಈ ತಿಂಗ್ಳು ಕಳೀಲಿ."

ಒಳಗಿನಿಂದ ಅಜ್ಜಿ, "ಯಾರವ್ವ ಬಂದಿರೋದು? ಆ ಕಂಪೂಟ್ರು ಹೆಂಗ್ಸಾ? ನಮ್ ಪದ್ಮಂಗೆ ವಸಿ ಬುದ್ಧಿ ಏಳವ್ವ. ಉಣ್ಣಕ್ಕೂ ಕೂರಲ್ಲ ಅದು."

ಬರುವಾಗ ಮಾತ್ರೆಯ ಹೆಸರು ಬರೆದುಕೊಂಡೆ. ನಾಳೆ ತಂದುಕೊಡಬೇಕು.

ಏಪ್ರಿಲ್ 8. ಮಂಗಳವಾರ. ಮಧ್ಯಾಹ್ನ 1:20

ಊಟದ ಹೊತ್ತು. ಬೇಗ ಬರೆಯುತ್ತೇನೆ. ಮನಸ್ಸು ಸರಿಯಿಲ್ಲ.

ಪದ್ಮಕ್ಕನ ಸ್ಕ್ರೀನು ಹನ್ನೊಂದು ಏಳರಿಂದ ಒಂದೇ ಪುಟ. ಹರ್ನಿಯಾ ಆಪರೇಷನ್ ಫೈಲು, ನಾಲ್ಕನೇ ಪುಟ. ಸಾಮಾನ್ಯವಾಗಿ ನಲವತ್ತು ನಿಮಿಷ, ಹೆಚ್ಚೆಂದರೆ ಐವತ್ತು. ಅತ್ತೆಗೆ ಏನಾದರೂ ಜಾಸ್ತಿಯಾಯಿತೇ? 12:50ಕ್ಕೆ ವಾಟ್ಸಾಪ್ ಮಾಡಿದೆ — "ಅಕ್ಕ ಪುಟ ಬದಲಾಯಿಸಿ. ಒಂದೂಮುಕ್ಕಾಲು ಗಂಟೆಯಿಂದ ಹಾಗೇ ಇದೆ. ನಾನು ಮ್ಯಾನೇಜ್ ಮಾಡ್ತಿದ್ದೀನಿ." ಎರಡು ಟಿಕ್ ಬಂತು. ನೀಲಿ ಆಗಿಲ್ಲ.

ಫೋನ್ ಮಾಡೋಣ ಎಂದು ಎದ್ದೆ. ವಸಿಷ್ಠರು ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು. ಅವರೆದುರು ಟೂಲ್ ಮತ್ತೆ ಕೇಳಿತು. "ಪರಿಶೀಲಿಸಿದೆ, ಓದುತ್ತಿದ್ದಾರೆ." ಒತ್ತಿದೆ. 1:12.

"ಪದ್ಮಾವತಿ 97 ಪರ್ಸೆಂಟ್. ಇವತ್ತು ಅವರೇ ಫಸ್ಟ್" ಎಂದರು.

ಮಾತ್ರೆ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ. ಐದು ದಿನವಾಯಿತು. ಇವತ್ತು ಸಂಜೆ ಹೋಗೇ ಹೋಗುತ್ತೇನೆ. ಒಂದೂವರೆಗೆ ಮೀಟಿಂಗ್.

ಅದೇ ದಿನ. ಸಂಜೆ 7:30. ಆಸ್ಪತ್ರೆಯ ವರಾಂಡ

ಮೀಟಿಂಗ್ ಮುಗಿದದ್ದು ನಾಲ್ಕೂಮುಕ್ಕಾಲಿಗೆ. ಚುಕ್ಕಿ ಹಸಿರೇ ಇತ್ತು. ಪುಟ ಅದೇ. ಆಗಲೂ ಫೋನ್ ಮಾಡಲಿಲ್ಲ. ಹೇಗೂ ಮನೆಗೇ ಹೋಗುತ್ತೇನಲ್ಲ ಎಂದುಕೊಂಡೆ.

ಐದೂ ಇಪ್ಪತ್ತೈದಕ್ಕೆ ಪ್ರೀತಿಯ ಫೋನ್. ಅಳುತ್ತಿದ್ದಳು. ಕಾಲೇಜಿಂದ ಬಂದು ನೋಡಿದರೆ ಅಮ್ಮ ಮೇಜಿನ ಪಕ್ಕ ನೆಲದ ಮೇಲೆ. ಬಾಯಿ ಒಂದು ಕಡೆಗೆ ಸೊಟ್ಟ. ಕಣ್ಣು ತೆರೆದೇ ಇತ್ತಂತೆ. ಬಲಗೈ ಎತ್ತಲಾಗುತ್ತಿಲ್ಲ. ಅಪ್ಪನ ಫೋನು ಫ್ಯಾಕ್ಟರಿ ಗೇಟಿನ ಲಾಕರಿನಲ್ಲಿ, ಶಿಫ್ಟ್ ಮುಗಿಯುವವರೆಗೆ ಸಿಗುವುದಿಲ್ಲ. ಅಕ್ಕಪಕ್ಕದವರು ಆಂಬುಲೆನ್ಸ್ ಕರೆಸಿದ್ದರು.

ನಾನು ಬರುವಷ್ಟರಲ್ಲಿ ಸ್ಕ್ಯಾನ್ ಆಗಿತ್ತು. ಶಿವರಾಮು ಅವರೂ ಯೂನಿಫಾರ್ಮಿನಲ್ಲೇ ಬಂದಿದ್ದರು. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಅವರು ಬಾಯಿ ಬಿಡುವ ಮೊದಲೇ ನನ್ನ ತಲೆಯಲ್ಲಿ ಕೋಡ್ ಬಂದುಬಿಟ್ಟಿತು. ಐ ಅರವತ್ತಮೂರು ಪಾಯಿಂಟ್ ಒಂಬತ್ತು. ಮೆದುಳಿನ ರಕ್ತನಾಳ ಕಟ್ಟಿಕೊಂಡರೆ ನಾವು ಹಾಕುವ ಕೋಡ್. ಸಾವಿರ ಸಲ ಹಾಕಿದ್ದೇನೆ. ಮುಖ ನೋಡಿದ್ದು ಇವತ್ತು.

ಡಾಕ್ಟರು ಕೇಳಿದ್ದು ಒಂದೇ. "ಇವರು ಕೊನೆಗೆ ಸರಿಯಾಗಿದ್ದಿದ್ದು ಎಷ್ಟು ಹೊತ್ತಿಗೆ? ನಾಲ್ಕೂವರೆ ಗಂಟೆ ಒಳಗಾದ್ರೆ ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ ಇದೆ. ಅದು ದಾಟಿದ್ರೆ ಕೊಡೋ ಹಾಗಿಲ್ಲ, ಮೆದುಳಲ್ಲಿ ರಕ್ತಸ್ರಾವ ಆಗ್ಬಹುದು. ಸರಿಯಾಗಿ ಹೇಳಿ."

ಪ್ರೀತಿ ಹೇಳಿದಳು. "ನಾನು ಬಂದಾಗ ಐದು ಗಂಟೆ ಮೇಡಂ. ಲ್ಯಾಪ್‌ಟಾಪ್‌ನಲ್ಲಿ ಆಕ್ಟಿವ್ ಅಂತ್ಲೇ ತೋರಿಸ್ತಿತ್ತು, ಹಸಿರು. ಈಗಷ್ಟೇ ಬಿದ್ದಿರ್ಬೇಕು. ಅಜ್ಜಿ ಮಾತ್ರ ಬೆಳಿಗ್ಗೆನೇ ಬಿದ್ಲು ಅಂತಾರೆ. ಕೂಗಿ ಕೂಗಿ ಗಂಟ್ಲು ಕಟ್ಟೋಗಿದೆ ಅವರ್ದು."

"ಅವ್ವಂಗೆ ಒತ್ತು ಗೊತ್ತಾಗಕಿಲ್ಲ ಡಾಕ್ಟ್ರೇ" ಎಂದರು ಶಿವರಾಮು. "ಮದ್ಯಾನ ಉಂಡಿದ್ದೂ ಬೆಳಿಗ್ಗೆ ಅಂತದೆ. ಆಫೀಸ್‌ಗೆ ಫೋನ್ ಮಾಡಿ ಕೇಳ್ದೆ. ಸಾಹೇಬ್ರು ನೋಡಿ ಏಳುದ್ರು, ಐದು ಗಂಟೆಗಂಟ ಕೆಲ್ಸ ಮಾಡವ್ಳೆ ಅಂತ. ಕಂಪ್ಯೂಟರ್‌ನಲ್ಲೈತಂತೆ."

"ಹಾಗಿದ್ರೆ ಟೈಮ್ ಇದೆ" ಎಂದರು ಡಾಕ್ಟರು. ನರ್ಸಿಗೆ ಏನೋ ಹೇಳಿದರು. ನರ್ಸು ಒಪ್ಪಿಗೆಯ ಕಾಗದ ತಂದಳು. ಶಿವರಾಮು ಜೇಬಿನಿಂದ ಪೆನ್ನು ತೆಗೆದರು. ಎಲ್ಲಿ ಹಾಕಲಿ ಎಂದು ಕೇಳಿದರು. ನರ್ಸು ತೋರಿಸಿದಳು.

ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಎಷ್ಟು ಹೊತ್ತು? ಒಂದು ನಿಮಿಷ ಇರಬಹುದು. ಆ ಒಂದು ನಿಮಿಷದಲ್ಲಿ ನನ್ನ ಕೆಲಸದ ಬಗ್ಗೆ ಯೋಚಿಸಿದೆ. ಸುಳ್ಳು ಬರೆಯಬಾರದು. ಯೋಚಿಸಿದೆ.

ಅವರು 'ಶಿ' ಬರೆದಿದ್ದರು.

"ಹನ್ನೊಂದು ಏಳು" ಎಂದೆ.

ಎಲ್ಲರೂ ತಿರುಗಿದರು. "ಬೆಳಿಗ್ಗೆ ಹನ್ನೊಂದೂ ಏಳಕ್ಕೆ ಪುಟ ನಿಂತಿದೆ ಡಾಕ್ಟ್ರೇ. ಆಮೇಲೆ ಓಡಾಡಿದ್ದು ಅವರ ಕೈ ಅಲ್ಲ. ಮೌಸ್ ಕೆಳಗೆ ಗಡಿಯಾರ ಇಟ್ಟಿದ್ರು. ಅದಕ್ಕೇ ಹಸಿರು."

"ಖಚಿತವಾಗಿ ಗೊತ್ತಾ?"

"ಗೊತ್ತು."

ಡಾಕ್ಟರು ಗಡಿಯಾರ ನೋಡಿದರು. ಆರೂ ಹದಿನೈದು. ಶಿವರಾಮು ಅವರ ಕೈಯಿಂದ ಕಾಗದ ಮೆಲ್ಲಗೆ ವಾಪಸ್ ತಗೊಂಡರು. "ಅಜ್ಜಿ ಹೇಳಿದ್ದೇ ಸರಿ" ಎಂದರು. "ಕೊಟ್ಟಿದ್ರೆ ಕಷ್ಟ ಆಗ್ತಿತ್ತು. ಬೇರೆ ದಾರಿ ನೋಡೋಣ."

ಶಿವರಾಮು ನನ್ನ ಎರಡೂ ಕೈ ಹಿಡಿದುಕೊಂಡರು. "ಜೀವ ಉಳಿಸ್ಬುಟ್ರಿ ಮೇಡಂ" ಎಂದರು.

ನನಗೆ ಗೊತ್ತಾದದ್ದು ಯಾವಾಗ ಎಂದು ಯಾರೂ ಕೇಳಲಿಲ್ಲ. ಫೋನ್ ಬಂದ ಮೇಲೆ ನೋಡಿರಬೇಕು ಎಂದುಕೊಂಡಿದ್ದಾರೆ.

ಈಗ ಒಂದು ಕೆಲಸ ಮಾಡಿದೆ. 12:50ರ ಮೆಸೇಜಿನ ಮೇಲೆ ಬೆರಳಿಟ್ಟೆ. ಅಳಿಸಬೇಕೇ ಎಂದು ಕೇಳಿತು. ಎಲ್ಲರಿಗೂ ಅಳಿಸು ಎಂದು ಒತ್ತಿದೆ.

ಏಪ್ರಿಲ್ 10. ಗುರುವಾರ

ವಸಿಷ್ಠರು ಗಾಜಿನ ರೂಮಿಗೆ ಕರೆದರು. ಟೀ ತರಿಸಿದರು. ಪದ್ಮಾವತಿ ಹೇಗಿದ್ದಾರೆ ಎಂದು ಕೇಳಿದರು. ಐಸಿಯು ಎಂದೆ. ತಲೆ ಆಡಿಸಿದರು. ನಿಜವಾಗಿಯೂ ಬೇಜಾರಾಗಿತ್ತು ಅವರಿಗೆ. ಅದನ್ನೂ ಬರೆಯಬೇಕು.

ಆಮೇಲೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಮಂಗಳವಾರದ ಪಟ್ಟಿ. 11:40, 12:11, 12:41, 1:12, ಹೀಗೆ ಒಂಬತ್ತು ಸಲ. ಮೀಟಿಂಗಿನಲ್ಲಿ ಕೂತೇ ಐದು ಸಲ ಒತ್ತಿದ್ದೇನೆ. ಪರಿಶೀಲಿಸಿದೆ, ಓದುತ್ತಿದ್ದಾರೆ. ಪ್ರತಿಯೊಂದರ ಕೆಳಗೂ ನನ್ನ ಹೆಸರು.

"ಇದನ್ನ ನಾನು ಮೇಲಕ್ಕೆ ಕಳಿಸಿಲ್ಲ" ಎಂದರು. "ಕಳಿಸೋ ಅಗತ್ಯ ಇದೆ ಅಂತ ನನಗೂ ಅನ್ನಿಸ್ತಿಲ್ಲ. ನೀವೂ ಅದನ್ನ ಯಾರ ಹತ್ರನೂ ಮಾತಾಡೋ ಅಗತ್ಯ ಇಲ್ಲ. ಅಲ್ವಾ?"

ಟೀ ಕುಡಿದೆ. ನಾಲಿಗೆ ಸುಟ್ಟಿತು.

ಏಪ್ರಿಲ್ 14. ಸೋಮವಾರ

ಅಂಬೇಡ್ಕರ್ ಜಯಂತಿ, ರಜೆ. ಆಸ್ಪತ್ರೆಗೆ ಹೋಗಿದ್ದೆ. ಪ್ರತಿ ವರ್ಷ ಬೀದಿಯ ಮೆರವಣಿಗೆಯ ಮುಂದೆ ಶಿವರಾಮು ಅವರೇ ಬಾವುಟ ಹಿಡಿಯುತ್ತಿದ್ದರಂತೆ. ಈ ವರ್ಷ ಬೆಂಚಿನ ಮೇಲೆ ಕೂತಿದ್ದರು, ಮಡಿಲಲ್ಲಿ ಪದ್ಮಕ್ಕನ ಚಪ್ಪಲಿಯ ಚೀಲ. ಬೀದಿಯವರು ಲಾಡು ಕಳಿಸಿದ್ದರು. ನನಗೂ ಒಂದು ಕೊಟ್ಟರು. ತಿಂದೆ.

ಪ್ರಾಣಕ್ಕೆ ಅಪಾಯವಿಲ್ಲ. ಬಲಭಾಗ ಪೂರ್ತಿ ಹೋಗಿದೆ. ಮಾತು ಬರುತ್ತದೋ ಇಲ್ಲವೋ ಹೇಳಲಾಗದು.

ಏಪ್ರಿಲ್ 24. ಗುರುವಾರ

ಮನೆಗೆ ಕರೆತಂದರು. ಈಗ ಆ ಮನೆಯಲ್ಲಿ ಎರಡು ಮಂಚ.

ಪದ್ಮಕ್ಕನಿಗೆ ಒಂದೇ ಒಂದು ಮಾತು ಬರುತ್ತದೆ. "ಆಯ್ತು." ಊಟ ಬೇಕೇ ಎಂದರೆ ಆಯ್ತು. ಬೇಡವೇ ಎಂದರೆ ಆಯ್ತು. ಕಾಲು ನೋಯುವಾಗ ಮುಖ ಕಿವುಚಿ ಆಯ್ತು, ಆಯ್ತು. ಡಾಕ್ಟರು ಹೇಳಿದ್ದಾರೆ, ಎದುರಿಗಿದ್ದವರ ಮಾತು ಬಹುಮಟ್ಟಿಗೆ ಅರ್ಥವಾಗುತ್ತದೆ, ತನ್ನ ಮಾತು ಸಿಗುವುದಿಲ್ಲ. ಒಂದು ಮಾತು ಹೇಗೋ ಉಳಿದುಕೊಂಡಿದೆ, ಎಲ್ಲದಕ್ಕೂ ಅದೇ ಬರುತ್ತದೆ.

ಪುಟ್ಟಲಿಂಗಮ್ಮ ಆ ಕಡೆಯ ಮಂಚದಿಂದ ದಿನವಿಡೀ ಮಾತಾಡಿಸುತ್ತಾರೆ. "ಏ ಪದ್ಮ, ನೆಪ್ಪೈತಾ ಮಗಾ? ನಾನ್ ಎಷ್ಟ್ ಕೂಗ್ದೆ ಅವತ್ತು. ಕುಕ್ಕರ್ ಮೂರ್ ಸಲ ಕೂಗ್ತು, ನೀ ಎದ್ದೋಗಿ ಒಲೆ ಆರ್ಸಿ ಬಂದೆ, ದಪ್ ಅಂತು. ಮಂಚ ಇಳ್ಯಕ್ ಓದೆ ಕಣವ್ವ, ಆಗ್ನಿಲ್ಲ."

"ಆಯ್ತು" ಎಂದರು ಪದ್ಮಕ್ಕ.

ಏಪ್ರಿಲ್ 28. ಸೋಮವಾರ

ಎಲ್ಲ ಟೀಮುಗಳನ್ನೂ ಕೆಳಗಿನ ಹಾಲಿನಲ್ಲಿ ಸೇರಿಸಿದರು. ಸುಮಾರು ಇನ್ನೂರು ಜನ. ಮುಂದಿನ ವಾರದಿಂದ ಕ್ಯಾಮೆರಾ. ಐದು ನಿಮಿಷಕ್ಕೊಂದು ಮುಖದ ಫೋಟೋ. ಮನೆಯಿಂದ ಕೆಲಸ ಮಾಡುವವರಿಗೂ. ನಮ್ಮ ಸುರಕ್ಷತೆಗಾಗಿ.

ವಸಿಷ್ಠರು ನಾಲ್ಕು ದಿನ ಮೊದಲೇ ನನ್ನ ಕೈಗೆ ಒಂದು ಕಾಗದ ಕೊಟ್ಟಿದ್ದರು. ಹತ್ತು ಸಾಲು. "ನಿಮ್ಮ ಬಾಯಿಂದ ಬಂದ್ರೆ ಜನ ಒಪ್ಕೋತಾರೆ ಸುಮಾ. ನೀವು ಅವರ ಸ್ನೇಹಿತೆ." ಒಂಬತ್ತು ಸಲದ ಪಟ್ಟಿಯ ಬಗ್ಗೆ ಏನೂ ಅನ್ನಲಿಲ್ಲ. ಅನ್ನಬೇಕಾಗಿರಲಿಲ್ಲ.

ಎದ್ದು ನಿಂತು ಓದಿದೆ. "ನಮ್ಮ ಸಹೋದ್ಯೋಗಿಯೊಬ್ಬರು ಮನೆಯಲ್ಲಿ ಕುಸಿದು ಬಿದ್ದು ಆರು ಗಂಟೆ ಯಾರಿಗೂ ತಿಳಿಯಲಿಲ್ಲ. ಅಂದು ಕ್ಯಾಮೆರಾ ಇದ್ದಿದ್ದರೆ..."

ಯಾರಿಗೂ ತಿಳಿಯಲಿಲ್ಲ. ಆ ಸಾಲನ್ನು ನಿಲ್ಲಿಸದೆ ಓದಿದೆ. ಜನ ಚಪ್ಪಾಳೆ ತಟ್ಟಿದರು. ಸಿದ್ದು ತಟ್ಟಲಿಲ್ಲ. ತಲೆ ತಗ್ಗಿಸಿ ಕೂತಿದ್ದ.

ಮೇ 7. ಬುಧವಾರ

ಈಗ ಚುಕ್ಕಿಯ ಪಕ್ಕದಲ್ಲಿ ಮುಖ. ಆಕಳಿಸುವ ಮುಖ, ಮೂಗು ಒರೆಸಿಕೊಳ್ಳುವ ಮುಖ. ಮನೆಯಿಂದ ಕೆಲಸ ಮಾಡುವ ಒಬ್ಬಳು ಇವತ್ತು ಹನ್ನೊಂದರಿಂದ ಹನ್ನೆರಡರವರೆಗೆ ಅಳುತ್ತಿದ್ದಳು. ಹನ್ನೆರಡು ಫೋಟೋ. ಎಲ್ಲದರಲ್ಲೂ ಟೈಪ್ ಮಾಡುತ್ತಿದ್ದಾಳೆ. 99%.

ಟೂಲ್ ನನ್ನನ್ನು ಏನೂ ಕೇಳಲಿಲ್ಲ. ಹಸಿರಲ್ಲವೇ.

ನನ್ನ ಸ್ಕ್ರೀನಿನ ಮೇಲೂ ಬಿಳಿ ದೀಪ ಹತ್ತುತ್ತದೆ. ಹತ್ತುವ ಮೊದಲೇ ಮುಖ ಸರಿಮಾಡಿಕೊಳ್ಳುವುದು ಅಭ್ಯಾಸವಾಗುತ್ತಿದೆ. ಮನೆಯಲ್ಲಿ ಅಮ್ಮ, "ಏನೇ ಸುಮಿ, ಒಂಥರಾ ನಗ್ತೀಯಲ್ಲ ಸುಮ್‌ಸುಮ್ನೆ" ಎಂದಳು.

ಮೇ 17. ಶನಿವಾರ

ಶನಿವಾರ ಪದ್ಮಕ್ಕನ ಜೊತೆ ನಾನಿರುತ್ತೇನೆ. ಪ್ರೀತಿಗೆ ಅರ್ಧ ದಿನವಾದರೂ ಪುಸ್ತಕ ಹಿಡಿಯಲು ಬಿಡುವು. ಬೆನ್ನಿಗೆ ಪೌಡರ್ ಹಾಕಿ ಮಗ್ಗುಲು ಬದಲಿಸಿದೆ, ರಾಗಿ ಗಂಜಿ ಕುಡಿಸಿದೆ. ಎಡಗೈಯಿಂದ ನನ್ನ ಸೆರಗು ಹಿಡಿದುಕೊಂಡು ಹಾಗೇ ನಿದ್ದೆ ಹೋದರು.

ಪ್ರೀತಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅಮ್ಮನ ಫೋನು. ಬಿದ್ದಾಗ ಕೈಯಲ್ಲೇ ಇತ್ತಂತೆ, ಡಿಸ್‌ಪ್ಲೇ ಒಡೆದಿತ್ತು, ಒಳಗೆಲ್ಲ ಸರಿ ಇತ್ತು. ಈಗ ರಿಪೇರಿ ಮಾಡಿಸಿದ್ದಾಳೆ.

"ಸುಮಾ ಆಂಟಿ, ಅವತ್ತು ನೀವು ಅಮ್ಮಂಗೆ ಏನೋ ಕಳ್ಸಿ ಅಳಿಸಿದ್ದೀರ. ಹನ್ನೆರಡೂ ಐವತ್ತಕ್ಕೆ. ಏನದು?"

ಕೋಪದಿಂದ ಕೇಳಲಿಲ್ಲ. ಸುಮ್ಮನೆ ಕೇಳಿದಳು.

"ಅದಾ... ಬೇರೆಯವರಿಗೆ ಕಳಿಸ್ಬೇಕಿತ್ತು ಪುಟ್ಟ. ತಪ್ಪಿ ಬಂದ್‌ಬಿಡ್ತು."

"ಓ" ಎಂದಳು. ಫೋನು ನೋಡುತ್ತಲೇ ಒಳಗೆ ಹೋದಳು. ಅವಳು ನಂಬಿದಳು. ನಂಬಿದ್ದನ್ನು ನೋಡಿದೆ. ಚಪ್ಪಲಿ ಹಾಕಿಕೊಂಡು ಬಸ್‌ಸ್ಟಾಪಿನವರೆಗೂ ಬಂದೆ. ಬಸ್ಸು ಬಂತು, ಹತ್ತಲಿಲ್ಲ. ಮತ್ತೊಂದು ಬಂತು. ಮೂರನೆಯದನ್ನು ಹತ್ತಿದೆ.

ಮೇ 18. ಭಾನುವಾರ. ಬೆಳಿಗ್ಗೆ

ಇವತ್ತು ಎಲ್ಲರೂ ಮನೆಯಲ್ಲಿರುತ್ತಾರೆ. ಹೇಳಬೇಕು. ಅಮ್ಮನಿಗೆ ಮೊದಲು ಹೇಳಿದೆ. ಒಲೆ ಆರಿಸಿ ಬಂದು ಎದುರಿಗೆ ಕೂತಳು. ಪೂರ್ತಿ ಕೇಳಿದಳು. "ಹೋಗಿ ಬಾ. ಬೈದ್ರೆ ಬೈಸ್ಕೊ. ವಾಪಸ್ ಮಾತಾಡ್ಬೇಡ."

ಅದೇ ದಿನ. ಮಧ್ಯಾಹ್ನ 3:00

ಹೇಳಿದೆ.

ನಾಲ್ವರೂ ಇದ್ದರು. ನಿಂತೇ ಹೇಳಿದೆ. ಗಡಿಯಾರದ ಉಪಾಯ ನನ್ನದು. ಹನ್ನೆರಡೂವರೆಗೇ ನನಗೆ ಅನುಮಾನ ಬಂದಿತ್ತು. ಮೆಸೇಜ್ ಹಾಕಿದೆ, ಫೋನ್ ಮಾಡಲಿಲ್ಲ. ಮ್ಯಾನೇಜರ್ ನಿಂತಿದ್ದರು ಅಂತ ಮಾಡಲಿಲ್ಲ. ಓದುತ್ತಿದ್ದಾರೆ ಎಂದು ಒಂಬತ್ತು ಸಲ ಬರೆದೆ. ಆಸ್ಪತ್ರೆಯಲ್ಲಿ ಮೆಸೇಜ್ ಅಳಿಸಿದೆ. ನಿನ್ನೆ ಪ್ರೀತಿಗೆ ಸುಳ್ಳು ಹೇಳಿದೆ.

ಶಿವರಾಮು ಗೋಡೆಗೆ ಒರಗಿ ಕೂತಿದ್ದರು. ಪದ್ಮಕ್ಕನ ಮಂಚದ ಕಡೆ ನೋಡಿದರು. ಆಮೇಲೆ, "ಒಂದ್ ಫೋನು" ಎಂದರು. "ಒಂದ್ ಫೋನ್ ಮಾಡಿದ್ರೆ ಆಗ್ತಿತ್ತಲ್ಲ ಮೇಡಂ. ಅವ್ಳು ಎತ್ತದೆ ಓದ್ರೆ ಪಕ್ಕದ್ ಮನೆಯೋರ್ಗೆ ಒಂದು."

ಪ್ರೀತಿ ಬೆರಳು ಮಡಿಸುತ್ತಿದ್ದಳು. ಏನು ಮಾಡುತ್ತಿದ್ದಾಳೆ ಎಂದು ತಕ್ಷಣ ಹೊಳೆಯಲಿಲ್ಲ.

"ಹನ್ನೊಂದೂ ಏಳು. ನಾಲ್ಕೂವರೆ ಗಂಟೆ ಅಂದ್ರೆ ಮೂರೂ ಮೂವತ್ತೇಳು. ನೀವು ಮೆಸೇಜ್ ಹಾಕಿದ್ದು ಹನ್ನೆರಡೂ ಐವತ್ತು." ನನ್ನನ್ನು ನೋಡಿದಳು. "ಇನ್ನೂ ಎರಡೂಮುಕ್ಕಾಲು ಗಂಟೆ ಇತ್ತು ಆಂಟಿ. ಆ ಇಂಜೆಕ್ಷನ್ ಕೊಡ್ಬಹುದಿತ್ತು."

"ಹೂಂ" ಎಂದೆ.

"ಅಮ್ಮ ನಡೀತಿದ್ರು."

ನಡೆಯುತ್ತಿದ್ದರೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಹಾಗೆಂದು ನಾನು ಹೇಳಲಿಲ್ಲ. ಅವಳು ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು. ಪಾತ್ರೆ ತೊಳೆಯುತ್ತಿರಲಿಲ್ಲ. ಬರೀ ನೀರು ಹರಿಯುತ್ತಿತ್ತು.

ಪುಟ್ಟಲಿಂಗಮ್ಮ ಮಗನನ್ನು ಕೇಳಿದರು. "ಏನಂತೆ ಶಿವರಾಮು? ನಾ ಏಳಿದ್ದು ದಿಟ ಅಂತಾ?"

"ದಿಟ ಕಣವ್ವ."

ಹೊರಡಬೇಕಿತ್ತು. ಪದ್ಮಕ್ಕನ ಮುಖ ನೋಡದೆ ಹೊರಡಲಾಗಲಿಲ್ಲ. ಮಂಚದ ಹತ್ತಿರ ಹೋಗಿ ಕೂತೆ. ಎಚ್ಚರವಿದ್ದರು. ಎಲ್ಲ ಕೇಳಿಸಿಕೊಂಡಿದ್ದಾರೆ. ಕಣ್ಣು ನನ್ನ ಮೇಲೇ ಇತ್ತು, ಕದಲಲಿಲ್ಲ. "ಅಕ್ಕ" ಎಂದೆ.

"ಆಯ್ತು" ಎಂದರು.

ಗಂಜಿಗೂ ಅದೇ, ನೋವಿಗೂ ಅದೇ. ನನಗೆ ಗೊತ್ತು. ಅದರ ಮೇಲೆ ಏನನ್ನೂ ಕಟ್ಟಿಕೊಳ್ಳಬಾರದು. ಆದರೆ ನಾನು ಏಳುವಾಗ ಮತ್ತೊಂದು ಸಲ ಅಂದರು. ಎಡಗೈ ಎತ್ತಿ, ನಿಧಾನವಾಗಿ, ನನ್ನ ಕಡೆಗೋ ಬಾಗಿಲ ಕಡೆಗೋ. ಈ ಸಲ ಧ್ವನಿ ಬೇರೆ ಇತ್ತು. ಅದು ಕ್ಷಮೆಯೋ, ಹೊರಗೆ ಹೋಗು ಎಂದೋ, ನನಗೆ ಗೊತ್ತಿಲ್ಲ; ಗೊತ್ತು ಎಂದು ಬರೆಯುವುದಿಲ್ಲ.